ರಾಜ್ಯಶಾಸ್ತ್ರದ ಅಧ್ಯಯನ: ಅದರ ಅಂಗಗಳು ಮತ್ತು ಉಪಯೋಗ

(ಶ್ರೀಮಠದ ಮಹೋತ್ಸವದ ಪ್ರಯುಕ್ತ ಕಲಬುರಗಿಯಲ್ಲಿ ಜರುಗಿದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಗೋಷ್ಠಿಯಲ್ಲಿ ರಾಜ್ಯಶಾಸ್ತ್ರವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರು ಅಪ್ಪಣೆ ದಯಪಾಲಿಸಿರುವರು. ನಾನು ದೊಡ್ಡ ವಿದ್ವಾಂಸನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬಿ.ಎ. ತರಗತಿಗಳಲ್ಲಿ ಈ ವಿಷಯವನ್ನು ಬೋಧಿಸಿ ಈಚೆಗೆ ನಿವೃತ್ತನಾದ ಒಬ್ಬ ಅಧ್ಯಾಪಕ. ಅನುಭಾವದ ನುಡಿಗಳನ್ನು ಕೇಳಿ ತಣಿಯಲು ಬಂದಿರುವ ನಿಮಗೆ ಸರಕಾರ, ಕಾಯಿದೆ, ಕಚೇರಿಗಳ ಮಾತು ರುಚಿಸುವುದೋ ಇಲ್ಲವೋ ಎಂಬ ಅಳುಕು ನನಗುಂಟು. ಆದರೂ ಪ್ರತಿವರ್ಷ ಬೇಸಗೆಯಲ್ಲಿ ಪಿ.ಯು.ಸಿ. ಫಲಿತಾಂಶ ಹೊರಬಿದ್ದೊಡನೆ ನಿಮ್ಮ ನಿಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಯೊಂದಕ್ಕೆ ಈ ವಿಷಯವು ಸಂಬಂಧಪಟ್ಟಿರುವುದರಿಂದ ಧೈರ್ಯ ಮಾಡಿರುವೆನು.

ನಾನಿನ್ನೂ ಸೇವೆಯಲ್ಲಿದ್ದಾಗ, ಅಂಥದೇ ಒಂದು ಬೇಸಗೆಯಲ್ಲಿ, ಇದೇ ನಗರದ ಮೋಮಿನಪುರದ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದರು. ಹೊಲಿಗೆಯ ಕೆಲಸದಿಂದ ಸಂಸಾರ ನಡೆಸುವವರು. ಕುಳಿತವರೇ, “ಸರ, ಇಕಿ ರಾಜ್ಯಶಾಸ್ತ್ರಾನೇ ಓದ್ತೀನಂತ ಹಟ ಹಿಡದಾಳ್ರಿ. ಅದು ಓದಿ ನಾವೇನು ಎಲೆಕ್ಷನಿಗಿ ನಿಂದ್ರಾದದೇನ್ರಿ?” ಎಂದರು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಅವಳ ಕೈಯಲ್ಲಿದ್ದ ಕಾಗದಗಳ ಕಟ್ಟಿನ ಮೇಲೆಯೇ ಒಂದು ಅರ್ಹತಾ ಪತ್ರವಿತ್ತು. ಸಂವಿಧಾನದ 371(ಜೆ) ಅನುಚ್ಛೇದದ ಮೇರೆಗೆ, ಈ ವಿದ್ಯಾರ್ಥಿನಿಯು ನಮ್ಮ ಪ್ರದೇಶದವಳು ಎಂದು ತಿಳಿಸುವ ಪತ್ರವದು. ತಂದೆಯ ಹೆಸರಿನ ಒಂದಕ್ಷರದ ವ್ಯತ್ಯಾಸಕ್ಕಾಗಿ ಎರಡು ಸಲ ಬರಿಗೈಯಿಂದ ಹಿಂದಿರುಗಿ, ಮೂರನೆಯ ಸಲ ಅದನ್ನು ಪಡೆದಿದ್ದರು. “ಈ ಕಾಗದ ಇದ್ರ ಸೀಟು ಸಿಗ್ತದಂತಲ್ರಿ, ಯಾವುದರ ಛಲೋ ಕೋರ್ಸು ಹೇಳ್ರಿ” ಎಂಬುದು ತಾಯಿಯ ಬೇಡಿಕೆ.

ನಾನು ಹುಡುಗಿಯನ್ನು ಕೇಳಿದೆ: “ತಂಗಿ, ಈ ಕಾಗದ ಎಲ್ಲಿಂದ ಬಂತು?” “ಆಫೀಸಿನಿಂದ ಬಂತ್ರಿ” ಎಂದಳು. “ಆಫೀಸಿಗೆ ಎಲ್ಲಿಂದ ಬಂತು?” ಎಂದೆ. ಅವಳು ತಲೆಯೆತ್ತಿ, “ಅದೇ ತಿಳೀಬೇಕಂತ ಓದ್ತೀನಂತೀನ್ರಿ ಸರ” ಎಂದಳು.

ಮಹನೀಯರೇ, ರಾಜ್ಯಶಾಸ್ತ್ರವೆಂದರೇನು ಎಂಬುದಕ್ಕೆ ಇದಕ್ಕಿಂತ ಸರಿಯಾದ ಉತ್ತರವನ್ನು ನಾನು ಹೇಳಲಾರೆ. ಒಂದು ಆಜ್ಞೆ, ಒಂದು ತೆರಿಗೆ, ಒಂದು ಸವಲತ್ತು ಎಲ್ಲಿಂದ ಬಂತು, ಯಾರ ಅಧಿಕಾರದಿಂದ ಬಂತು, ಅದು ನ್ಯಾಯವೇ, ತಪ್ಪಿದರೆ ಯಾರನ್ನು ಕೇಳಬೇಕು — ಈ ಪ್ರಶ್ನೆಗಳನ್ನು ಕ್ರಮಬದ್ಧವಾಗಿ ಕೇಳುವ ವಿದ್ಯೆಯೇ ರಾಜ್ಯಶಾಸ್ತ್ರ. ರಾಜಕಾರಣ ಮಾಡುವುದು ಬೇರೆ, ರಾಜಕಾರಣವನ್ನು ಅರಿಯುವುದು ಬೇರೆ. ವೈದ್ಯಶಾಸ್ತ್ರವನ್ನು ಓದುವವನು ರೋಗಿಯಾಗಲೆಂದು ಓದುವುದಿಲ್ಲವಷ್ಟೆ?

ನಮ್ಮ ಕಾಲೇಜುಗಳಲ್ಲಿ ಈ ವಿಷಯವನ್ನು ಬಹುಮಟ್ಟಿಗೆ ಇತಿಹಾಸ, ಅರ್ಥಶಾಸ್ತ್ರಗಳ ಜೊತೆಗೆ ಬಿ.ಎ. ಪದವಿಯಲ್ಲಿ ಕಲಿಸುತ್ತ ಬಂದಿದೆ. 2021ರಲ್ಲಿ ನಾಲ್ಕು ವರ್ಷಗಳ ಪದವಿಯ ಕ್ರಮವು ನಮ್ಮ ರಾಜ್ಯದಲ್ಲಿ ಜಾರಿಗೆ ಬಂದು, 2024ರಲ್ಲಿ ಮತ್ತೆ ಮೂರು ವರ್ಷಗಳ ಕ್ರಮಕ್ಕೆ ಮರಳಿದ್ದನ್ನು ನೀವು ಬಲ್ಲಿರಿ. ವರ್ಷಗಳ ಲೆಕ್ಕ ಹೇಗೆ ಬದಲಾದರೂ ಶಾಸ್ತ್ರದ ಮುಖ್ಯ ಅಂಗಗಳು ಬದಲಾಗಿಲ್ಲ. ಆ ಅಂಗಗಳನ್ನು ವಿವರಿಸಲು ಆ ಹುಡುಗಿಯ ಕೈಯಲ್ಲಿದ್ದ ಕಾಗದವನ್ನೇ ನಾನು ಇಲ್ಲಿ ಬಿಚ್ಚಿ ತೋರಿಸುವೆನು.

ಮೊದಲನೆಯ ಅಂಗವು ರಾಜಕೀಯ ತತ್ತ್ವ. ಆ ಪತ್ರವು ಒಬ್ಬರಿಗೆ ಸಿಗುವುದು, ಇನ್ನೊಬ್ಬರಿಗೆ ಸಿಗದು. ಎಲ್ಲರೂ ಸಮಾನರೆಂದು ಸಾರಿದ ನಾಡಿನಲ್ಲಿ ಒಂದು ಪ್ರದೇಶದವರಿಗೆ ಮಾತ್ರ ಸ್ಥಾನಗಳನ್ನು ಕಾದಿರಿಸುವುದು ನ್ಯಾಯವೇ? ಗ್ರೀಸಿನ ಪ್ಲೇಟೋ ಮತ್ತು ಅರಿಸ್ಟಾಟಲರಿಂದ ಹಿಡಿದು, 1971ರಲ್ಲಿ ನ್ಯಾಯಸಿದ್ಧಾಂತವನ್ನು ಕುರಿತು ಮಹಾಗ್ರಂಥವನ್ನು ಹೊರತಂದ ಅಮೆರಿಕದ ಜಾನ್ ರಾಲ್ಸನವರೆಗೆ, ಈ ಬಗೆಯ ಪ್ರಶ್ನೆಯನ್ನು ಕೇಳಿದವರು ಅನೇಕರು. ಅಸಮಾನವಾದ ಏರ್ಪಾಡು ಸಮಾಜದಲ್ಲಿ ಅತ್ಯಂತ ಹಿಂದುಳಿದವರಿಗೆ ಹಿತಕಾರಿಯಾಗುವುದಾದರೆ ಮಾತ್ರ ಅದು ಸಮರ್ಥನೀಯವೆಂಬುದು ರಾಲ್ಸನ ವಿಚಾರದ ಒಂದು ಮುಖ್ಯ ಭಾಗ.

ಈ ಚಿಂತನೆ ಪರದೇಶದ್ದು ಮಾತ್ರವೆಂದು ತಿಳಿಯಬಾರದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಕನ್ನಡ ನಾಡಿನ ಆರ್. ಶಾಮಶಾಸ್ತ್ರಿಗಳು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನ ಹೆಸರು ನಮ್ಮ ಜಿಲ್ಲೆಯ ಮರತೂರಿನೊಡನೆ ಬೆಸೆದುಕೊಂಡಿದೆ. ಅದೇ ಕಲ್ಯಾಣದ ಅನುಭವ ಮಂಟಪವನ್ನು ಈಗ ಅನೇಕರು ಜಗತ್ತಿನ ಮೊದಲ ಪಾರ್ಲಿಮೆಂಟು ಎಂದು ಕರೆಯುವರು. ರಾಜ್ಯಶಾಸ್ತ್ರದ ವಿದ್ಯಾರ್ಥಿಯು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮಂಟಪವು ತೆರಿಗೆ ವಿಧಿಸಿದ್ದಿಲ್ಲ, ರಾಜ್ಯಕ್ಕೆ ಕಾಯಿದೆ ಮಾಡಿದ್ದಿಲ್ಲ. ಅದರ ಹಿರಿಮೆ ಬೇರೆ ಕಡೆಗಿದೆ: ಬೇರೆ ಬೇರೆ ಕಾಯಕದವರೂ ಹೆಣ್ಣುಮಕ್ಕಳೂ ಸಮಾನವಾಗಿ ಕುಳಿತು ಮಾತಾಡಬಹುದು, ಮಾತಾಡಿದ್ದನ್ನು ಪ್ರಶ್ನಿಸಬಹುದು ಎಂಬ ನಿಯಮವು ಅಲ್ಲಿತ್ತು. ಮಾತಿನ ಹಕ್ಕು ಯಾರಿಗೆ ಎಂಬುದೇ ರಾಜಕೀಯ ತತ್ತ್ವದ ಆದಿಪ್ರಶ್ನೆ. ಪೂಜ್ಯವಾದುದನ್ನು ಸರಿಯಾದ ಹೆಸರಿನಿಂದ ಕರೆಯುವುದರಿಂದ ಅದರ ಗೌರವವು ಕುಂದುವುದಿಲ್ಲ, ಹೆಚ್ಚುತ್ತದೆ.

ಎರಡನೆಯ ಅಂಗವು ಭಾರತದ ಸಂವಿಧಾನ ಮತ್ತು ರಾಜಕೀಯ ವ್ಯವಸ್ಥೆ. ಆ ಪತ್ರದ ತಲೆಯ ಮೇಲಿರುವ ಸಂಖ್ಯೆ ಎಲ್ಲಿಂದ ಬಂತು? ಕಲಬುರಗಿ, ಬೀದರ, ರಾಯಚೂರು ಈ ಮೂರು ಕನ್ನಡ ಜಿಲ್ಲೆಗಳು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿ. ಆಡಳಿತದ ಬರವಣಿಗೆಯೂ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡವನ್ನು ಮಾತ್ರ ಬಲ್ಲ ರೈತನಿಗೆ ತನ್ನ ಹೊಲದ ಅರ್ಜಿಯನ್ನು ತಾನೇ ಬರೆಯಲು ಬಾರದ ಕಾಲವದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ 1ರಂದು ನಮ್ಮ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಬಂದವು. ಶಾಲೆ, ರಸ್ತೆ, ನೀರಾವರಿಗಳಲ್ಲಿ ಹಿಂದುಳಿದುದು ಮಾತ್ರ ಒಂದು ದಿನದಲ್ಲಿ ತೀರುವ ಸಾಲವಾಗಿರಲಿಲ್ಲ. ವೈಜನಾಥ ಪಾಟೀಲ ಮೊದಲಾದವರು ದೀರ್ಘಕಾಲ ನಡೆಸಿದ ಹೋರಾಟದ ತರುವಾಯ, ಸಂವಿಧಾನದ 98ನೆಯ ತಿದ್ದುಪಡಿಯು 2012ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಗಿ, 371(ಜೆ) ಅನುಚ್ಛೇದವು ಹುಟ್ಟಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹಣದ ನ್ಯಾಯವಾದ ಹಂಚಿಕೆ, ವಿದ್ಯಾಸಂಸ್ಥೆಗಳಲ್ಲಿಯೂ ಸರಕಾರಿ ಉದ್ಯೋಗದಲ್ಲಿಯೂ ಸ್ಥಳೀಯರಿಗೆ ಮೀಸಲು, ಇವು ಅದರ ಮುಖ್ಯಾಂಶಗಳು. 2013ರ ಆದೇಶದಂತೆ ಪ್ರದೇಶದೊಳಗಿನ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳು ನಮ್ಮ ಮಕ್ಕಳಿಗೆ ಮೀಸಲಾದವು. ಹೀಗೆ ಆ ಕಾಗದದ ಹಿಂದೆ ಅರವತ್ತು ವರ್ಷಗಳಿಗೂ ಮೀರಿದ ಕಥೆಯಿದೆ.

ಮೂರನೆಯ ಅಂಗವು ತೌಲನಿಕ ರಾಜಕಾರಣ. ನಮ್ಮದನ್ನು ಇತರರದರೊಡನೆ ಹೋಲಿಸಿದಲ್ಲದೆ ನಮ್ಮದರ ಸ್ವರೂಪ ತಿಳಿಯದು. ಅರಿಸ್ಟಾಟಲನೂ ಅವನ ಶಿಷ್ಯರೂ 158 ರಾಜ್ಯವ್ಯವಸ್ಥೆಗಳ ವಿವರಗಳನ್ನು ಕಲೆಹಾಕಿದ್ದರೆಂದು ಪ್ರಾಚೀನರು ಹೇಳಿರುವರು. ನಮಗೆ ಅಷ್ಟು ದೂರ ಹೋಗಬೇಕಾದುದಿಲ್ಲ. ಹೈದರಾಬಾದ ಸಂಸ್ಥಾನದ 16 ಜಿಲ್ಲೆಗಳಲ್ಲಿ 8 ತೆಲಂಗಾಣದವು, 5 ಮರಾಠವಾಡೆಯವು, 3 ನಮ್ಮವು. ಒಂದೇ ಗತಕಾಲವುಳ್ಳ ಈ ಮೂರು ಸೀಮೆಗಳು 1956ರಲ್ಲಿ ಮೂರು ರಾಜ್ಯಗಳಿಗೆ ಹೋದವು. ಮರಾಠವಾಡೆಗೆ 371ನೆಯ ಅನುಚ್ಛೇದದಲ್ಲಿ ಅಭಿವೃದ್ಧಿ ಮಂಡಳಿಯ ಮಾರ್ಗವನ್ನು ಹೇಳಿತು. ಆದರೆ ಅಲ್ಲಿ ಮಂಡಳಿಯು ಕಾರ್ಯಕ್ಕೆ ಬಂದದ್ದು 1994ರಲ್ಲಿ. ತೆಲಂಗಾಣವನ್ನೊಳಗೊಂಡ ಆಂಧ್ರಕ್ಕೆ 1973ರ ತಿದ್ದುಪಡಿಯಿಂದ 371(ಡಿ) ದೊರೆತು, ಸ್ಥಳೀಯ ಉದ್ಯೋಗಶ್ರೇಣಿಗಳೂ ಪ್ರವೇಶದ ಮೀಸಲೂ ಏರ್ಪಟ್ಟವು. ನಮ್ಮ 371(ಜೆ)ಯು ಮಂಡಳಿ ಮತ್ತು ಮೀಸಲು ಎರಡನ್ನೂ ಒಟ್ಟುಗೂಡಿಸಿಕೊಂಡಿರುವುದು. ಯಾವ ಮಾರ್ಗದಿಂದ ಯಾವ ಫಲ ಬಂತು, ತೆಲಂಗಾಣವು ಇಷ್ಟಕ್ಕೆ ತೃಪ್ತಿಪಡದೆ 2014ರಲ್ಲಿ ಬೇರೆ ರಾಜ್ಯವೇ ಆದುದೇಕೆ, ಇದು ಪದವಿಯ ವಿದ್ಯಾರ್ಥಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ವಿಚಾರ. ಇನ್ನೂ ಸೋಜಿಗದ ಸಂಗತಿಯೆಂದರೆ, 1919ರಲ್ಲಿ ನಿಜಾಮರ ಫರ್ಮಾನಿನಿಂದ ‘ಮುಲ್ಕಿ’ ನಿಯಮಗಳು ಬಂದು, ಸಂಸ್ಥಾನದಲ್ಲಿ ಹದಿನೈದು ವರ್ಷ ನೆಲೆಸಿದವರಿಗೇ ಸರಕಾರಿ ನೌಕರಿಯೆಂದು ಕಟ್ಟುಮಾಡಿದ್ದವು. ಆ ಹುಡುಗಿಯ ಅರ್ಹತಾ ಪತ್ರಕ್ಕೆ ಇದನ್ನು ಅಜ್ಜನೆನ್ನಬಹುದು!

ನಾಲ್ಕನೆಯ ಅಂಗವು ಸಾರ್ವಜನಿಕ ಆಡಳಿತ. ಹಕ್ಕು ದಿಲ್ಲಿಯಲ್ಲಿ ಹುಟ್ಟಿದರೂ ಅದು ಮೋಮಿನಪುರದ ಗಲ್ಲಿಯನ್ನು ತಲುಪಬೇಕಾದರೆ ಒಂದು ಕಚೇರಿ, ಒಬ್ಬ ಗುಮಾಸ್ತ, ಒಂದು ವಹಿ ಬೇಕು. ಆ ಪತ್ರಕ್ಕೆ ಸಹಿ ಹಾಕುವ ಅಧಿಕಾರವು ಸಹಾಯಕ ಆಯುಕ್ತರದು. ಒಂದಕ್ಷರದ ತಪ್ಪಿಗಾಗಿ ಎರಡು ಸಲ ಹಿಂದಿರುಗಿಸಿದವರು ದುಷ್ಟರೇನಲ್ಲ; ನಿಯಮವನ್ನು ಹಿಡಿದವರು. ನಿಯಮವಿಲ್ಲದಿದ್ದರೆ ದಾಕ್ಷಿಣ್ಯ ಬಂದೀತು, ನಿಯಮವೇ ಎಲ್ಲವಾದರೆ ದಯೆ ಹೋದೀತು. ಇವೆರಡರ ನಡುವಣ ದಾರಿಯನ್ನು ಹುಡುಕುವುದೇ ಈ ಅಂಗದ ಕೆಲಸ. 1887ರಲ್ಲಿ ವುಡ್ರೋ ವಿಲ್ಸನ್ ಅಮೆರಿಕದಲ್ಲಿ ಬರೆದ ಪ್ರಬಂಧದಿಂದ ಇದು ಪ್ರತ್ಯೇಕ ವಿದ್ಯೆಯಾಗಿ ಬೆಳೆಯಿತೆನ್ನುವರು. ನಮ್ಮಲ್ಲಿ 2005ರ ಮಾಹಿತಿ ಹಕ್ಕಿನ ಕಾಯಿದೆಯು ಕಡತವನ್ನು ಕಾಣುವ ಹಕ್ಕನ್ನು ಕೊಟ್ಟಿತು. ‘ಸಕಾಲ’ವೆಂದು ಹೆಸರಾದ ಕರ್ನಾಟಕದ 2011ರ ಕಾಯಿದೆಯು ಇಂತಿಷ್ಟು ದಿನಗಳಲ್ಲಿ ಸೇವೆ ದೊರೆಯಬೇಕೆಂದು ಗೊತ್ತುಮಾಡಿತು. ಇವನ್ನು ಬಲ್ಲವನು ಕಚೇರಿಯ ಬಾಗಿಲಲ್ಲಿ ಕೈಮುಗಿದು ನಿಲ್ಲುವುದಿಲ್ಲ, ಜಗಳಕ್ಕೂ ಹೋಗುವುದಿಲ್ಲ. ಅರ್ಜಿಯ ರಸೀತಿಯನ್ನು ಕೇಳಿ ಪಡೆಯುತ್ತಾನೆ.

ಐದನೆಯ ಅಂಗವು ಅಂತರರಾಷ್ಟ್ರೀಯ ಸಂಬಂಧಗಳು. ಮೊದಲ ಮಹಾಯುದ್ಧದ ಘೋರವನ್ನು ಕಂಡ ಬಳಿಕ, 1919ರಲ್ಲಿ ವೇಲ್ಸಿನ ಅಬೆರಿಸ್ಟ್ವಿತ್ ಎಂಬ ಊರಿನಲ್ಲಿ ಇದಕ್ಕಾಗಿಯೇ ಒಂದು ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಿದರು. ನಮ್ಮ ಹುಡುಗಿಯ ಕಾಗದಕ್ಕೂ ಇದಕ್ಕೂ ಏನು ನಂಟು ಎನ್ನುವಿರಾ? 1948ರ ಆಗಸ್ಟಿನಲ್ಲಿ ಹೈದರಾಬಾದ ಸರಕಾರವು ಸಂಯುಕ್ತ ರಾಷ್ಟ್ರಗಳ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು; ಸೆಪ್ಟೆಂಬರ 16ರಂದು ಪ್ಯಾರಿಸ್ಸಿನಲ್ಲಿ ಅದು ಚರ್ಚೆಗೆ ಬಂದಿತು; ಮರುದಿನವೇ ಸಂಸ್ಥಾನವು ಶರಣಾಗಿ, ಆ ಮೇಲೆ ನಿಜಾಮರು ದೂರನ್ನು ಹಿಂತೆಗೆದುಕೊಂಡರು. ಅಂದರೆ ಕಲಬುರಗಿಯು ಯಾವ ದೇಶದ್ದು ಎಂಬುದು ಒಂದು ದಿನ ಜಗತ್ತಿನ ಮುಂದಿನ ಪ್ರಶ್ನೆಯಾಗಿತ್ತು. ಸಾರ್ವಭೌಮತ್ವವೆಂಬ ಕಠಿಣ ಪದದ ಅರ್ಥವನ್ನು ನಮ್ಮ ಮಕ್ಕಳು ಇದರಿಂದಲೇ ಕಲಿಯಬಹುದು. ರಜಾಕಾರರ ಹಾವಳಿಯಿಂದ ನೊಂದ ಮನೆಗಳೂ, ಸೇನಾಕಾರ್ಯಾಚರಣೆಯ ಬೆನ್ನಿಗೆ ನಡೆದ ಹಿಂಸೆಯಿಂದ ನೊಂದ ಮನೆಗಳೂ ನಮ್ಮ ಸೀಮೆಯಲ್ಲಿವೆ. ಒಂದೇ ಬೆಂಚಿನ ಮೇಲೆ ಕುಳಿತ ಎರಡೂ ಮನೆಗಳ ಮಕ್ಕಳ ಮುಂದೆ ಈ ಪಾಠವನ್ನು ನಾನು ಎಷ್ಟೋ ವರ್ಷ ಹೇಳಿರುವೆನು. ಎರಡೂ ಕಡೆಯ ದುಃಖವನ್ನು ಕೇಳಿಸಿಕೊಂಡು, ದ್ವೇಷವಿಲ್ಲದೆ ಕಾರಣವನ್ನು ಹುಡುಕುವುದೇ ಶಾಸ್ತ್ರವೆಂಬುದು ಆ ತರಗತಿಯಲ್ಲಿ ನನಗೇ ಮನವರಿಕೆಯಾಯಿತು.

ಆರನೆಯದು ಸಂಶೋಧನೆಯ ವಿಧಾನ. ಎಣಿಸುವ ಮತ್ತು ಅಳೆಯುವ ವಿದ್ಯೆ. ‘ನಾವು ಹಿಂದುಳಿದವರು’ ಎಂದು ಕೂಗಿದರೆ ಸಾಲದು, ತೋರಿಸಬೇಕು. ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿಯು 35 ಸೂಚಕಗಳಿಂದ ಆಗಿನ 175 ತಾಲೂಕುಗಳನ್ನು ಅಳೆದು, 2002ರಲ್ಲಿ ವರದಿಯನ್ನೊಪ್ಪಿಸಿತು. ಹಿಂದುಳಿದ ತಾಲೂಕುಗಳು 114. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಭಾವನೆಯು ಅಂಕಿಯಾದಾಗ ಅದನ್ನು ತಳ್ಳಿಹಾಕುವುದು ಕಷ್ಟ. ಆದರೆ ಅಂಕಿಯೂ ಕೆಲವನ್ನು ಮರೆಮಾಡುತ್ತದೆ. ಹುಮನಾಬಾದ ರಸ್ತೆಯ ಕಮಲಾಪುರವು ಆಗ ತಾಲೂಕಾಗಿರಲಿಲ್ಲ. ಕಲಬುರಗಿ ತಾಲೂಕಿನೊಳಗೇ ಇತ್ತು. ನಗರವನ್ನೂ ಅಲ್ಲಿಯ ಹಳ್ಳಿಗಳನ್ನೂ ಕೂಡಿಸಿ ಸರಾಸರಿ ತೆಗೆದರೆ ಹಳ್ಳಿಯ ಬಡತನವು ನಗರದ ಬೆಳಕಿನಲ್ಲಿ ಅಡಗಿಹೋಗುವುದಿಲ್ಲವೇ? ಸರಾಸರಿಯನ್ನು ಕಂಡಾಗ ಅದರ ಒಳಗೆ ಯಾರಿರುವರೆಂದು ಕೇಳಬೇಕೆಂಬುದು ಈ ವಿಧಾನದ ಮೊದಲ ಪಾಠ.

ಈ ಪಾಠವನ್ನು ಹೇಳಿದ ದಿನ ಅದೇ ಮೋಮಿನಪುರದ ಹುಡುಗಿ — ಆಗ ಅವಳು ನನ್ನ ತರಗತಿಯಲ್ಲಿದ್ದಳು — ಎದ್ದು ನಿಂತು ಕೇಳಿದಳು: “ಸರ, ನಗರದ ಶ್ರೀಮಂತರ ಮಗನಿಗೂ ಇದೇ ಕಾಗದ, ಕಮಲಾಪುರದ ಕೂಲಿ ಮಾಡುವವರ ಮಗಳಿಗೂ ಇದೇ ಕಾಗದ. ಪ್ರದೇಶಕ್ಕೆ ನ್ಯಾಯ ಆಯಿತು. ಪ್ರದೇಶದ ಒಳಗ ಆಯಿತೇನ್ರಿ?” ನಾನು ಜಾತಿವರ್ಗಗಳ ಮೀಸಲಾತಿಯೂ ಅದರೊಳಗೆ ಅನ್ವಯಿಸುವುದೆಂದು ಹೇಳಿದೆ. ಅದು ಪೂರ್ಣವಾದ ಉತ್ತರವಲ್ಲವೆಂಬುದು ಅವಳಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ತನಗೆ ಲಾಭ ತಂದ ಏರ್ಪಾಡನ್ನೇ ನ್ಯಾಯದ ಒರೆಗಲ್ಲಿಗೆ ಹಚ್ಚುವ ಈ ಧೈರ್ಯವು ಮೂರು ವರ್ಷಗಳ ಅಧ್ಯಯನದಿಂದ ಬರುವುದಾದರೆ, ಆ ಅಧ್ಯಯನವು ಸಾರ್ಥಕವಾಯಿತೆಂದು ನಾನು ಭಾವಿಸುವೆನು. ಕಾಯಕದಷ್ಟೇ ಆತ್ಮಪರೀಕ್ಷೆಯನ್ನೂ ಕಲಿಸಿದ ಪರಂಪರೆಯವರಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ.

ಇನ್ನು ಲೌಕಿಕವಾದ ಪ್ರಶ್ನೆ: ಇದರಿಂದ ಅನ್ನ ಹುಟ್ಟುವುದೇ? ಸುಳ್ಳು ಹೇಳಲಾರೆ. ಬಿ.ಎ. ಮುಗಿದ ಮರುದಿನ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಮುಂದೆ ಕಾನೂನು, ಅಧ್ಯಾಪನ, ಪತ್ರಿಕಾವೃತ್ತಿ, ಆಡಳಿತ ಸೇವೆಯ ಸ್ಪರ್ಧಾಪರೀಕ್ಷೆಗಳಿಗೆ ಇದು ಒಳ್ಳೆಯ ಅಡಿಪಾಯ. ಉನ್ನತಾಭ್ಯಾಸಕ್ಕೆ 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯವೂ, ಕಡಗಂಚಿಯಲ್ಲಿ ನೆಲೆಗೊಂಡ ಕೇಂದ್ರೀಯ ವಿಶ್ವವಿದ್ಯಾಲಯವೂ ನಮ್ಮ ಮನೆಬಾಗಿಲಲ್ಲಿಯೇ ಇವೆ. ಹಿಂದಿನವರು ಪದವಿಗಾಗಿ ಹೈದರಾಬಾದಿಗೆ ಹೋಗಬೇಕಾಗಿದ್ದ ಕಾಲವನ್ನು ನೆನೆದರೆ ಇದು ಸಣ್ಣ ಭಾಗ್ಯವಲ್ಲ. ಆದರೆ ಗೈಡು ಪುಸ್ತಕವನ್ನು ಬಾಯಿಪಾಠ ಮಾಡಿ ತೇರ್ಗಡೆಯಾದವನಿಗೆ ಈ ಯಾವ ದಾರಿಯೂ ತೆರೆಯದು. ನಮ್ಮ ಕಾಲೇಜುಗಳ ದೊಡ್ಡ ರೋಗವೇ ಅದು. ಡಿ.ವಿ. ಗುಂಡಪ್ಪನವರು ಈ ಶಾಸ್ತ್ರವನ್ನು ಕನ್ನಡದಲ್ಲಿಯೇ ತಿಳಿಯಾಗಿ ಬರೆದು, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದು, ಪ್ರಜೆಯು ತಿಳಿದವನಾಗದೆ ಪ್ರಜಾರಾಜ್ಯವು ನಿಲ್ಲದೆಂಬ ನಂಬಿಕೆಯಿಂದ. ಅಂಥ ಪುಸ್ತಕಗಳನ್ನು ಓದಬೇಕು. ಗ್ರಾಮಸಭೆಗೆ ಹೋಗಿ ಕುಳಿತುಕೊಳ್ಳಬೇಕು. ನಗರಪಾಲಿಕೆಯ ಆಯವ್ಯಯವನ್ನು ತೆರೆದು ತನ್ನ ವಾರ್ಡಿಗೆ ಎಷ್ಟು ಬಂತೆಂದು ನೋಡಬೇಕು. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರ ಹೆಸರನ್ನು ಹೇಳುವ ನಾವು ಸಾರ್ವಜನಿಕ ಹಣದ ಲೆಕ್ಕವನ್ನು ಕೇಳಲು ನಾಚಬೇಕಾದ ಕಾರಣವೇನು?

ಆದುದರಿಂದ ಈ ಮಹೋತ್ಸವದ ಸಂದರ್ಭದಲ್ಲಿ ಸದ್ಭಕ್ತರಲ್ಲಿ ನನ್ನದು ಎರಡು ವಿಜ್ಞಾಪನೆಗಳು. ಮೊದಲನೆಯದು, ಬೇರೆಲ್ಲಿಯೂ ಸ್ಥಾನ ಸಿಗದವರು ಓದುವ ವಿಷಯವೆಂದು ಇದನ್ನು ಹೀಗಳೆಯದೆ, ಪ್ರಶ್ನೆ ಕೇಳುವ ಸ್ವಭಾವದ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಇದನ್ನು ಆರಿಸಿಕೊಂಡರೆ ತಡೆಯಬೇಡಿರಿ. ಎರಡನೆಯದು, ಪ್ರಸಾದನಿಲಯದಲ್ಲಿ ವಾರಕ್ಕೊಂದು ಸಂಜೆ ಸಂವಿಧಾನದ ಒಂದೊಂದು ಅನುಚ್ಛೇದವನ್ನು ಓದಿ ಚರ್ಚಿಸುವ ಏರ್ಪಾಡನ್ನು ಮಾಡಬೇಕು; ಆ ಚರ್ಚೆಗೆ ಓಣಿಯ ಎಲ್ಲ ಮತದ ಮಕ್ಕಳಿಗೂ ಬಾಗಿಲು ತೆರೆದಿರಬೇಕು. ಹೋರಾಡಿ ಪಡೆದ ಹಕ್ಕು, ಅದನ್ನು ಅರಿತವರಿಲ್ಲದಿದ್ದರೆ, ಪೆಟ್ಟಿಗೆಯಲ್ಲಿಟ್ಟು ಮರೆತ ಪತ್ರದಂತೆ ಅಕ್ಷರವಳಿದು ಹೋಗುವುದು.

ಆ ತಾಯಿ ಕಳೆದ ವರ್ಷ ಮಾರುಕಟ್ಟೆಯಲ್ಲಿ ಸಿಕ್ಕಿದ್ದರು. ಮಗಳು ಪದವಿಯನ್ನು ಮುಗಿಸಿ ಕಾನೂನು ಓದುತ್ತಿರುವಳಂತೆ. “ಈಗ ಓಣಿ ಮಂದೆಲ್ಲ ಕಾಗದ ಹಿಡಕೊಂಡು ನಮ್ಮನಿಗೇ ಬರ್ತಾರ್ರಿ ಸರ. ಹೆಸರಿನ್ಯಾಗ ಅಕ್ಷರ ತಪ್ಪಿದ್ರ ಏನು ಮಾಡಬೇಕಂತ ಇಕೀನೇ ಹೇಳತಾಳ್ರಿ” ಎಂದರು. ಎಲೆಕ್ಷನ್ನಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.